ಅಪ್ಪನ ಉಪ್ಪಿನ ಪ್ಯಾಕೆಟ್

ಆ ಪ್ಯಾಕೆಟ್ ತಂದವಳು ನಾನೇ. ಕುಮಟಾದ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಉಪ್ಪುಗಳ ನಡುವೆ ‘ಲೋ ಸೋಡಿಯಂ’ ಎಂದು ಬರೆದದ್ದನ್ನು ಹುಡುಕಿ ತೆಗೆದೆ. ಮಾಮೂಲಿ ಉಪ್ಪಿಗಿಂತ ದುಬಾರಿ. ಮಿರ್ಜಾನದ ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟು, ‘ಇನ್ಮೇಲೆ ಅಪ್ಪನ ಪದಾರ್ಥಕ್ಕೆ ಇದನ್ನೇ ಹಾಕು’ ಅಂದೆ. ಅಮ್ಮ ಮರುಮಾತಾಡಲಿಲ್ಲ. ನಾನಾಗ ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೆ. ನಮ್ಮಂಥ ಮನೆಗಳಲ್ಲಿ ನರ್ಸಿಂಗ್ ಓದುವ ಮಗಳು ಅಂದ್ರೆ ಅರ್ಧ ಡಾಕ್ಟರು.

ಇದು ಏಳು ವರ್ಷದ ಹಿಂದಿನ ಮಾತು. ಈಗ ನಾನು ನರ್ಸಿಂಗ್ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಕಲಿಸುವ ಕೆಲಸದಲ್ಲಿದ್ದೇನೆ. ಹೊಸ ಬ್ಯಾಚು ಬಂದಾಗಲೆಲ್ಲ ಮೊದಲ ದಿನವೇ ಒಂದು ಪ್ರಶ್ನೆ ಕೇಳ್ತೇನೆ: ‘ಡಯಟಿಷಿಯನ್ ಎಂತ ಮಾಡ್ತಾರೆ?’

ಉತ್ತರಗಳು ಹೆಚ್ಚೂ ಕಡಿಮೆ ಒಂದೇ ಥರ. ‘ಚಾರ್ಟ್ ಕೊಡ್ತಾರೆ ಮೇಡಂ.’ ‘ತೂಕ ಇಳಿಸ್ತಾರೆ.’ ‘ಆಸ್ಪತ್ರೆ ಅಡುಗೆಮನೆ ನೋಡ್ಕೊಳ್ತಾರೆ.’ ಒಮ್ಮೆ ಒಬ್ಬ ಹುಡುಗ, ‘ಜಿಮ್‌ನಲ್ಲಿ ಇರ್ತಾರಲ್ಲ, ಅವರು’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ವಯಸ್ಸಿನಲ್ಲಿ ನನ್ನ ಉತ್ತರ ಅದಕ್ಕಿಂತ ಚೆನ್ನಾಗೇನೂ ಇರಲಿಲ್ಲ.

ಹಾಗಂತ ನಾವು ಪೋಷಣೆಯ ಪಾಠ ಓದದೇ ಬಂದವರಲ್ಲ. ನರ್ಸಿಂಗ್‌ನಲ್ಲಿ ಮೊದಲ ವರ್ಷವೇ ಅದೊಂದು ವಿಷಯ. ವಿಟಮಿನ್‌ಗಳ ಕೊರತೆಯ ಪಟ್ಟಿ, ಯಾವುದರಲ್ಲಿ ಎಷ್ಟು ಕ್ಯಾಲೊರಿ, ಎಲ್ಲ ಬಾಯಿಪಾಠ ಮಾಡಿ ಪಾಸಾಗಿರ್ತೇವೆ. ಎಂಬಿಬಿಎಸ್ ಓದುವವರು ಬಯೋಕೆಮಿಸ್ಟ್ರಿಯಲ್ಲಿ ಸ್ವಲ್ಪ, ಸಮುದಾಯ ವೈದ್ಯಶಾಸ್ತ್ರದಲ್ಲಿ ಸ್ವಲ್ಪ ಓದ್ತಾರೆ. ತೊಂದರೆ ಇರುವುದೂ ಅಲ್ಲೇ. ಓದಿದ್ದೇವೆ ಎಂಬ ಧೈರ್ಯ ಇರ್ತದೆ, ಅದು ಎಲ್ಲಿಗೆ ಮುಗೀತದೆ ಅಂತ ಗೊತ್ತಿರುವುದಿಲ್ಲ.

ಎರಡೇ ಪದ

ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಆ ವರ್ಷ ಕ್ರಿಯಾಟಿನಿನ್ ಮೂರು ದಾಟಿತ್ತು. ತೋರಿಸಿದ ಆಸ್ಪತ್ರೆಯಲ್ಲಿ ಮಾತ್ರೆ ಬದಲಾಯಿಸಿದರು, ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ ‘ರೀನಲ್ ಡಯೆಟ್’ ಎಂದು ಎರಡೇ ಪದ. ಜೊತೆಗೊಂದು ಝೆರಾಕ್ಸ್ ಚಾರ್ಟು. ಎಷ್ಟು ಸಲ ಝೆರಾಕ್ಸಿನ ಝೆರಾಕ್ಸ್ ಮಾಡಿದ್ದರೋ, ಅರ್ಧ ಅಕ್ಷರ ಅಳಿಸಿತ್ತು. ಕಂಡಷ್ಟರಲ್ಲಿ ಓಟ್ಸ್, ಬ್ರೆಡ್, ಸೇಬು, ಪನೀರ್.

ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ಇದರಲ್ಲಿ ನಾವು ತಿನ್ನುವಂಥದ್ದು ಎಂತದೂ ಇಲ್ಲ ಮಾರಾಯ್ತಿ’ ಎಂದು ನನ್ನ ಕೈಗೆ ಕೊಟ್ಟರು.

ನಮ್ಮನೆಯ ಊಟ ಎಂದರೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಮಧ್ಯಾಹ್ನಕ್ಕೆ ಅನ್ನ, ಮೀನು ಸಾರು. ಮಳೆಗಾಲದಲ್ಲಿ ಒಣಮೀನು. ಅಘನಾಶಿನಿಯಲ್ಲಿ ಬಳಚು ಸಿಗುವ ದಿನಗಳಲ್ಲಿ ಬಳಚಿನ ಪದಾರ್ಥ. ಹಿತ್ತಿಲಲ್ಲಿ ಹರಿವೆ, ಬಸಳೆ, ಬಾಳೆ. ತೆಂಗಿನಮರ ಹನ್ನೆರಡು.

ಚಾರ್ಟು ಉಪಯೋಗಕ್ಕೆ ಬಾರದ ಮೇಲೆ ಆ ಜಾಗಕ್ಕೆ ನಾನೇ ಹೋಗಿ ಕೂತೆ. ಉಪ್ಪಿನಕಾಯಿ ಬಂದ್, ಒಣಮೀನು ಬಂದ್. ಅಲ್ಲಿಯವರೆಗೆ ಸರಿಯೇ. ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು. ಕಾಫಿ ಬದಲು ದಿನಕ್ಕೆರಡು ಎಳನೀರು, ಕಿಡ್ನಿ ತೊಳೀತದೆ ಅಂತ. ಅನ್ನದ ಬದಲು ಮೂರು ಹೊತ್ತೂ ಗಂಜಿ, ಹಗುರ ಅಂತ. ‘ಸೊಪ್ಪು ಜಾಸ್ತಿ ತಿನ್ನು’ ಅಂತಲೂ ಹೇಳಿದ ನೆನಪು. ಪ್ರೀತಿಯಿಂದಲೇ ಹೇಳಿದ್ದು. ಅಪ್ಪ ಚಾಚೂ ತಪ್ಪದೆ ಮಾಡಿದರು. ಅದೇ ಈಗಲೂ ಹೊಟ್ಟೆಯಲ್ಲಿ ಕಲಸುವುದು.

ಹದಿನೆಂಟನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವರು ಮತ್ತೆ ಕೂತರು. ‘ಕಾಲಲ್ಲಿ ಜೀವವೇ ಇಲ್ಲ’ ಅಂದರು. ನಾಡಿ ಹಿಡಿದು ನೋಡಿದೆ, ನಿಮಿಷಕ್ಕೆ ನಲವತ್ತೆರಡು.

ಹತ್ತಿರದಲ್ಲಿ ಸಿಕ್ಕ ಆರಂಭದ ಚಿಕಿತ್ಸೆ ಮುಗಿಸಿ ದಕ್ಷಿಣದ ದೊಡ್ಡಾಸ್ಪತ್ರೆಗೆ ಹೊರಟೆವು. ನಮ್ಮ ಜಿಲ್ಲೆಯವರಿಗೆ ಈ ದಾರಿ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಆಮೇಲೆ 2022ರ ಜುಲೈಯಲ್ಲಿ ಹೊನ್ನಾವರದ ಕಡೆಯಿಂದ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ, ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು ಇಡೀ ಜಿಲ್ಲೆ ಕೂಗಿತಲ್ಲ, ಅದೇ ಹೆದ್ದಾರಿ. ಹೊನ್ನಾವರ, ಭಟ್ಕಳ, ಶಿರೂರು, ಕುಂದಾಪುರ. ಮೂರು ತಾಸು ಅಪ್ಪನ ಕೈ ಬಿಡಲಿಲ್ಲ.

ಪೊಟ್ಯಾಸಿಯಂ 6.9. ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕಾದದ್ದು. ಹೃದಯ ಯಾವ ಗಳಿಗೆಯಲ್ಲೂ ತಾಳ ತಪ್ಪಬಹುದಾದ ಅಂಕಿ. ಕ್ಯಾಲ್ಸಿಯಂ ಗ್ಲುಕೋನೇಟ್ ಹೃದಯದ ರಕ್ಷಣೆಗೆ, ಇನ್ಸುಲಿನ್ ಮತ್ತು ಡೆಕ್ಸ್ಟ್ರೋಸ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳುವುದಕ್ಕೆ, ಸಾಲ್ಬುಟಮಾಲ್ ನೆಬುಲೈಸೇಷನ್. ಆ ಔಷಧಿಗಳ ಡೋಸೆಲ್ಲ ನನಗೆ ಬಾಯಿಪಾಠ. ಎರಡು ತಿಂಗಳ ಹಿಂದಷ್ಟೇ ಪರೀಕ್ಷೆಯಲ್ಲಿ ಬರೆದು ಒಳ್ಳೇ ಅಂಕ ತೆಗೆದಿದ್ದೆ. ಅದು ಏರಿದ್ದು ಯಾಕೆ ಅಂತ ಮಾತ್ರ ಹೊಳೆಯಲೇ ಇಲ್ಲ. ‘ಕಿಡ್ನಿ ಹಾಳಾಗಿದೆಯಲ್ಲ, ಅದಕ್ಕೇ’ ಅಂದುಕೊಂಡೆ. ಡ್ಯೂಟಿ ಡಾಕ್ಟರೂ ಹಾಗೇ ಅಂದುಕೊಂಡಂತಿತ್ತು.

‘ಉಪ್ಪು ಯಾವುದು ಅಂಕಲ್?’

ಮೂರನೇ ದಿನ ಒಬ್ಬರು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕುತ್ತಿಗೆಯಲ್ಲಿ ಸ್ಟೆತೊಸ್ಕೋಪ್ ಇಲ್ಲ, ಕೈಯಲ್ಲಿ ಒಂದು ಪುಸ್ತಕ, ಒಂದು ಅಳತೆಯ ಸೌಟು. ಡಯಟಿಷಿಯನ್ ಅಂತ ಹೇಳಿಕೊಂಡರು. ಮತ್ತೊಂದು ಚಾರ್ಟು ಬಂತು ಅಂದುಕೊಂಡೆ ನಾನು.

ಅವರು ಸ್ಟೂಲ್ ಎಳೆದುಕೊಂಡು ಕೂತರು. ಏನೂ ಹೇಳಲಿಲ್ಲ, ಕೇಳಲು ಶುರು ಮಾಡಿದರು. ಮನೆಯಲ್ಲಿ ಬೆಳಿಗ್ಗೆ ಎಷ್ಟೊತ್ತಿಗೆ ಏಳುವುದು, ಎದ್ದ ಮೇಲೆ ಮೊದಲು ಬಾಯಿಗೆ ಹೋಗುವುದು ಎಂತ. ಗಂಜಿ ಅಂದರೆ ಬಟ್ಟಲಲ್ಲಾ, ಕಿಣ್ಣದಲ್ಲಾ? ತಿಳಿ ಕುಡಿಯುವುದು ಉಂಟಾ, ಬಸಿಯುವುದಾ? ಸೌಟನ್ನು ಅಪ್ಪನ ಕೈಗೆ ಕೊಟ್ಟು, ‘ಇದರಲ್ಲಿ ಎಷ್ಟು ಆಗ್ತದೆ?’ ಅಂದರು. ಅಪ್ಪ ಖುಷಿಯಿಂದ ಲೆಕ್ಕ ಹಾಕಿದರು. ಅವರ ಊಟದ ಬಗ್ಗೆ ಅಷ್ಟು ಆಸಕ್ತಿಯಿಂದ ಯಾರೂ ವಿಚಾರಿಸಿರಲಿಲ್ಲ. ಗಂಜಿಯಿಂದಲೇ ದಿನಕ್ಕೆ ಒಂದೂಕಾಲು ಲೀಟರ್ ನೀರು ಹೋಗುತ್ತಿತ್ತು. ‘ನೀರು ಒಂದು ಲೀಟರ್ ದಾಟಬಾರದು’ ಎಂದು ಹಿಂದಿನವರು ಹೇಳಿದ್ದನ್ನು ಅಪ್ಪ ಲೋಟದ ನೀರಿಗೆ ಮಾತ್ರ ಲೆಕ್ಕ ಹಿಡಿದಿದ್ದರು. ಕಾಲು ಊದಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಸೀಯಾಳದ ಮಾತು ಬಂತು. ದಿನಕ್ಕೆರಡು. ಅವರು ತಲೆಯೆತ್ತಿ ನೋಡಿದರು, ಬರೆದುಕೊಂಡರು. ನೂರು ಮಿಲಿಲೀಟರ್ ಎಳನೀರಿನಲ್ಲಿ ಹತ್ತಿರ ಹತ್ತಿರ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರ್ತದೆ ಎಂಬುದು ಆಮೇಲೆ ತಿಳಿದದ್ದು. ದಣಿದು ಬಂದವನಿಗೆ ಅಮೃತ, ಕಿಡ್ನಿ ಸೋತವನಿಗೆ ಹೊರಲಾರದ ಹೊರೆ.

ಕೊನೆಗೆ ಕೇಳಿದರು: ‘ಉಪ್ಪು ಯಾವುದು ಅಂಕಲ್? ಪ್ಯಾಕೆಟಿನ ಫೋಟೊ ಉಂಟಾ?’

ಅಮ್ಮನಿಗೆ ಫೋನ್ ಮಾಡಿದೆ. ವಾಟ್ಸಾಪಿನಲ್ಲಿ ಪ್ಯಾಕೆಟಿನ ಹಿಂಬದಿಯ ಚಿತ್ರ ಬಂತು. ದೊಡ್ಡದು ಮಾಡಿ ನೋಡಿದೆ. ಸೋಡಿಯಂ ಕ್ಲೋರೈಡ್, ಅದರ ಕೆಳಗೆ ಪೊಟ್ಯಾಸಿಯಂ ಕ್ಲೋರೈಡ್. ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಬೇರೆ ಎಂತದೋ ಬರಲೇಬೇಕಲ್ಲ. ನಾಲ್ಕು ವರ್ಷದ ಓದಿನಲ್ಲಿ, ಶಾಲೆಯಿಂದ ಹಿಡಿದರೆ ಇಷ್ಟು ವರ್ಷದ ವಿಜ್ಞಾನದಲ್ಲಿ, ಆ ಒಂದು ಸಣ್ಣ ಪ್ರಶ್ನೆ ನನಗೆ ಬಂದಿರಲಿಲ್ಲ.

‘ಇದನ್ನು ಯಾರು ಹೇಳಿದ್ದು ತರ್ಲಿಕ್ಕೆ?’

ನನ್ನ ಗಂಟಲು ಕಟ್ಟಿತು. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ‘ನಾನೇ ತಂದೆ. ಅಂಗಡಿಯವ ಒಳ್ಳೇದು ಅಂದ’ ಅಂದರು.

ಡಯಟಿಷಿಯನ್ ಬೈಯಲಿಲ್ಲ. ಬಿಪಿ ಇರುವ ಎಷ್ಟೋ ಜನರಿಗೆ ಇದು ಒಳ್ಳೆಯದೇ, ಆದರೆ ಕಿಡ್ನಿ ಸರಿ ಇದ್ದರೆ ಮಾತ್ರ ಅಂದರು. (2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪುಗಳ ಬಗ್ಗೆ ಸಲಹೆ ಕೊಟ್ಟಾಗಲೂ ಇದನ್ನೇ ಹೇಳಿತು: ಸಾಮಾನ್ಯ ವಯಸ್ಕರಿಗೆ ಸರಿ, ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಈ ಸಲಹೆ ಅನ್ವಯಿಸದು.) ಅಪ್ಪ ಬಿಪಿಗೆ ನುಂಗುತ್ತಿದ್ದ ಮಾತ್ರೆಯೂ ಪೊಟ್ಯಾಸಿಯಂ ಏರಿಸುವ ಗುಂಪಿನದೇ. ಮಾತ್ರೆ, ಉಪ್ಪು, ಎಳನೀರು, ಹರಿವೆ ಸೊಪ್ಪು, ನಾಲ್ಕೂ ಒಟ್ಟಿಗೆ ಸೇರಿದ್ದವು. ಒಂದೊಂದನ್ನೂ ಬೇರೆಬೇರೆ ಜನ ನೋಡಿದ್ದರು. ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದವರು ಅವರೊಬ್ಬರೇ. ಬರೆದದ್ದನ್ನು ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು, ಮಾತ್ರೆ ಬದಲಾಯಿತು.

ಆಮೇಲೆ ಕೊಟ್ಟ ಸಲಹೆಯಲ್ಲಿ ಓಟ್ಸ್ ಇರಲಿಲ್ಲ. ಗಂಜಿ ಬಿಡಬೇಡಿ, ತಿಳಿ ಬಸಿಯಿರಿ. ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ಮಾಮೂಲಿ ಉಪ್ಪೇ, ಆದರೆ ದಿನದ ಉಪ್ಪನ್ನು ಬೆಳಿಗ್ಗೆಯೇ ಸಣ್ಣ ಡಬ್ಬಿಯಲ್ಲಿ ಅಳೆದಿಟ್ಟು ಅಷ್ಟರಲ್ಲೇ ಮುಗಿಸುವುದು. ಮೀನು ಪೂರ್ತಿ ಬಿಡುವುದಲ್ಲ, ಇಷ್ಟೇ ತುಂಡು. ಹುಳಿ ಬೇಕಾದರೆ ಎಷ್ಟು ಮುರುಗಲು ಹಾಕಬಹುದು ಅಂತ ಅಮ್ಮನ ಹತ್ತಿರ ಫೋನಿನಲ್ಲೇ ಹತ್ತು ನಿಮಿಷ ಮಾತಾಡಿದರು. ಅಡುಗೆ ಮಾಡುವವರ ಹತ್ತಿರ ಮಾತಾಡದೆ ತಿನ್ನುವವರಿಗೆ ಹೇಳಿ ಎಂತ ಪ್ರಯೋಜನ ಅಂತ ಅವರ ಲೆಕ್ಕ. ನಾಲ್ಕು ವರ್ಷ ವಾರ್ಡಿನಲ್ಲಿ ಓಡಾಡಿದ್ದ ನನಗೆ ಅದೂ ಹೊಸದೇ.

ಹಲ್ಲಿನ ಸೆಟ್

ಭಾರತೀಯ ಡಯೆಟಿಕ್ ಅಸೋಸಿಯೇಷನ್ ಶುರುವಾದದ್ದು 1962ರಲ್ಲಿ. ಅಷ್ಟು ಹಳೆಯ ವೃತ್ತಿ. ಆದರೂ ಡಾಕ್ಟರು, ನರ್ಸು, ಫಾರ್ಮಸಿಸ್ಟರಿಗೆ ಇದ್ದಂಥ ಕಾನೂನಿನ ಚೌಕಟ್ಟು ಇವರಿಗೆ ಬರಲು 2021ರ ತನಕ ಕಾಯಬೇಕಾಯಿತು. ಆ ವರ್ಷದ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯಲ್ಲಿ ಡಯಟಿಷಿಯನ್ ಮತ್ತು ನ್ಯೂಟ್ರಿಷನಿಸ್ಟರ ಹೆಸರಿದೆ. ಅಲ್ಲಿಯವರೆಗೆ ಮೂರು ತಿಂಗಳ ಕೋರ್ಸ್ ಮಾಡಿದವರೂ, ಇನ್‌ಸ್ಟಾಗ್ರಾಂನಲ್ಲಿ ಡಿಟಾಕ್ಸ್ ಜ್ಯೂಸ್ ಮಾರುವವರೂ, ಎಂಎಸ್ಸಿ ಮಾಡಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದವರೂ ಜನರ ಕಣ್ಣಿಗೆ ಒಂದೇ. ಈಗಲೂ ಪೂರ್ತಿ ಬದಲಾಗಿಲ್ಲ, ನಿಮ್ಮ ರೀಲ್ಸ್ ತೆರೆದು ನೋಡಿ.

ಜನರ ಮಾತು ಬಿಡಿ. ನನಗೆ ಚಿಂತೆ ನಾಳೆ ಬಿಳಿ ಕೋಟು ಹಾಕುವವರದ್ದು. ಡಯಟಿಷಿಯನ್ ಅಂದರೆ ಚಾರ್ಟು ಎಂದುಕೊಂಡ ವಿದ್ಯಾರ್ಥಿ, ನಾಳೆ ಇಂಟರ್ನ್ ಆದಾಗ ಚಾರ್ಟು ಬೇಕಾದಾಗ ಮಾತ್ರ ಅವರನ್ನು ಕರೀತಾನೆ. ಅದೂ ಡಿಸ್ಚಾರ್ಜ್ ದಿನ, ಬಿಲ್ ಕಟ್ಟುವ ಗಡಿಬಿಡಿಯಲ್ಲಿ. ಕರೆಯಬೇಕಾದದ್ದು ಬೇರೆ ಹೊತ್ತಿನಲ್ಲಿ.

ಕಳೆದ ವರ್ಷದ ಒಂದು ಸಂಗತಿ. ಒಬ್ಬ ಹೆಂಗಸು, ಹತ್ತು ದಿನದಿಂದ ಸರಿಯಾಗಿ ಊಟವಿಲ್ಲ, ಮೂಳೆ ಚಕ್ಕಳ. ನನ್ನ ವಿದ್ಯಾರ್ಥಿನಿಯರಿಗೆ ಕರುಳು ಚುರುಕ್ಕೆಂದಿತು. ಟ್ಯೂಬಿನಲ್ಲಿ ಪೂರ್ತಿ ಪ್ರಮಾಣದ ಆಹಾರ ಇವತ್ತೇ ಶುರು ಮಾಡಬಾರದಾ ಅಂತ ಕೇಳಿದರು. ಡಯಟಿಷಿಯನ್ ಬೇಡ ಅಂದರು. ಕೆಜಿ ತೂಕಕ್ಕೆ ಹತ್ತು ಕ್ಯಾಲೊರಿಯಿಂದ ಶುರು, ಅದಕ್ಕೂ ಮೊದಲು ಥಯಾಮಿನ್, ದಿನಾ ಫಾಸ್ಫೇಟ್ ಪರೀಕ್ಷೆ. ಬಹಳ ದಿನ ಹಸಿದ ದೇಹಕ್ಕೆ ಏಕಾಏಕಿ ಅನ್ನ ಸುರಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಜೀವವೇ ಹೋಗಬಹುದು. ಅದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತ ಹೆಸರು. ತೀವ್ರ ಅಪೌಷ್ಟಿಕ ಮಕ್ಕಳಿಗೂ ಹೀಗೇ, ಪುನಶ್ಚೇತನ ಕೇಂದ್ರಗಳಲ್ಲಿ ಮೊದಲು ನೂರು ಮಿಲಿಲೀಟರಿಗೆ 75 ಕ್ಯಾಲೊರಿಯ ತೆಳು ಹಾಲು, ಮಗು ಸುಧಾರಿಸಿದ ಮೇಲೆ 100 ಕ್ಯಾಲೊರಿಯದ್ದು. ಪಾಪ ಅಂತ ಜಾಸ್ತಿ ಕೊಡುವಂತಿಲ್ಲ. ‘ಊಟದಲ್ಲೂ ಡೋಸ್ ಇರ್ತದಾ ಮೇಡಂ?’ ಎಂದು ಒಬ್ಬಳು ಕೇಳಿದಳು. ಅವಳಿಗೆ ಅವತ್ತು ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ.

ನಮ್ಮ ನರ್ಸಿಂಗಿನ ಮೂಲಪುರುಷಳು (ಮೂಲಸ್ತ್ರೀ ಅನ್ನಬೇಕೇನೋ) ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ನರ್ಸಿಂಗ್ ಪುಸ್ತಕದಲ್ಲಿ ರೋಗಿಯ ಊಟಕ್ಕೇ ಎರಡು ಅಧ್ಯಾಯ ಮೀಸಲಿಟ್ಟಿದ್ದಾಳೆ. ತಟ್ಟೆ ತುಂಬ ಊಟ ಎದುರಿಗಿದ್ದೂ ಗಮನಿಸುವವರಿಲ್ಲದೆ ರೋಗಿಗಳು ಹಸಿವಿನಿಂದ ಸೊರಗುತ್ತಾರೆ ಎಂಬುದು ಅವಳ ದೂರು. ಅವಳ ಭಾವಚಿತ್ರಕ್ಕೆ ದೀಪ ಹಚ್ಚಿ ಪ್ರತಿಜ್ಞೆ ಮಾಡ್ತೇವೆ, ಆಮೇಲೆ ರೋಗಿಯ ತಟ್ಟೆ ವಾಪಸ್ ಹೋಗುವಾಗ ಎಷ್ಟು ಉಳಿದಿದೆ ಅಂತ ನೋಡುವುದಿಲ್ಲ.

ಹಾಗಾಗಿ ನಾನೊಂದು ಸಣ್ಣ ಕೆಲಸ ಇಟ್ಟುಕೊಂಡಿದ್ದೇನೆ. ಪ್ರತಿ ವಿದ್ಯಾರ್ಥಿಗೂ ಒಬ್ಬ ರೋಗಿ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆಯವರೆಗೆ ಬಾಯಿಗೆ ಹೋದದ್ದೆಲ್ಲ ಕೇಳಿ ಬರೆಯಬೇಕು. ಒಂದೇ ಶರತ್ತು: ಯಾವ ಸಲಹೆಯನ್ನೂ ಕೊಡಬಾರದು. ಇದು ಅವರಿಗೆ ಬಹಳ ಕಷ್ಟ. ‘ಬೇಕರಿ ತಿಂಡಿ ತಿಂದೆ’ ಅಂತ ರೋಗಿ ಹೇಳಿದ ಕೂಡಲೇ ಮುಖದಲ್ಲಿ ಉಪದೇಶ ಮೂಡ್ತದೆ. ರೋಗಿ ಅದನ್ನು ನೋಡಿ ಮುಂದಿನದ್ದಕ್ಕೆ ಸುಳ್ಳು ಹೇಳ್ತಾನೆ.

ಆ ಜಿಮ್ ಹುಡುಗ ಒಬ್ಬ ಅಜ್ಜನ ಹತ್ತಿರ ಮುಕ್ಕಾಲು ಗಂಟೆ ಕೂತು ಬಂದ. ಅಜ್ಜನ ಫೈಲಿನಲ್ಲಿ ‘ಹೈ ಪ್ರೋಟೀನ್ ಡಯೆಟ್’ ಅಂತ ಬರೆದು ಐದು ದಿನವಾಗಿತ್ತು. ಸೊಂಟದ ಕೆಳಗಿನ ಹುಣ್ಣು ಮಾಯುತ್ತಿರಲಿಲ್ಲ. ದಿನಾ ಚಪಾತಿ, ಕಡಲೆ ಉಸಲಿ, ಮೊಟ್ಟೆ ಬರುತ್ತಿತ್ತು. ‘ಮೇಡಂ, ಅವರು ಸಾರಿನ ನೀರು ಮಾತ್ರ ಕುಡಿಯುವುದು. ಹಲ್ಲಿನ ಸೆಟ್ ಅಂಕೋಲಾದ ಮನೆಯಲ್ಲೇ ಬಿಟ್ಟು ಬಂದಿದ್ದಾರಂತೆ. ಉಳಿದದ್ದೆಲ್ಲ ಜೊತೆಗಿರುವ ಮೊಮ್ಮಗ ತಿಂತಾನೆ.’ ಹೇಳುವಾಗ ಅವನ ಧ್ವನಿ ಇಳಿದಿತ್ತು. ಡ್ರೆಸ್ಸಿಂಗ್ ಬದಲಿಸುತ್ತಿದ್ದವರಲ್ಲಿ ಅವನೂ ಒಬ್ಬ. ಅವತ್ತೇ ಡಯಟಿಷಿಯನ್ನರನ್ನು ಕರೆಸಿದೆವು, ಮೆತ್ತಗಿನ ಊಟ ಶುರುವಾಯಿತು. ಫಿಜಿಯೊಥೆರಪಿ ಓದುವ ಹುಡುಗಿಯೊಬ್ಬಳು ಪಕ್ಕದಲ್ಲಿ ಕೇಳಿಸಿಕೊಂಡು, ‘ಅದಕ್ಕೇ ನಿಲ್ಲಿಸಿದರೆ ಕಾಲು ನಡುಗುತ್ತಿತ್ತು’ ಅಂದಳು.

ಆ ಸಂಜೆ ನಾನು ಅವರಿಗೆಲ್ಲ ಉಪ್ಪಿನ ಕತೆ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ನಾನಾಗಿ ಹೇಳಲಿಲ್ಲ. ಅವಳಿಗೆ ಗೊತ್ತಿರಬೇಕು, ಪ್ಯಾಕೆಟ್ ಇಸಿದುಕೊಂಡವಳು ಅವಳೇ.

ನಮ್ಮ ಊರ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ನಾನಂತೂ ಡಯಟಿಷಿಯನ್ನರನ್ನು ಕಂಡದ್ದಿಲ್ಲ. ಹಾಗಾಗಿ ನೀವು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಊರಿನ ಅಪ್ಪ ಅಮ್ಮನನ್ನು ಫೋನಿನಲ್ಲಿ ನೋಡಿಕೊಳ್ಳುವವರಾದರೆ, ದೊಡ್ಡಾಸ್ಪತ್ರೆಗೆ ಹೋದ ದಿನವೇ ‘ಡಯಟಿಷಿಯನ್ ಹತ್ತಿರ ಮಾತಾಡಬೇಕು’ ಎಂದು ಬಾಯಿಬಿಟ್ಟು ಕೇಳಿ, ಡಿಸ್ಚಾರ್ಜ್ ತನಕ ಕಾಯಬೇಡಿ. ಉಪ್ಪಿನ ಪ್ಯಾಕೆಟ್, ಪ್ರೋಟೀನ್ ಪುಡಿಯ ಡಬ್ಬಿ, ಆಯುರ್ವೇದ ಕಷಾಯದ ಬಾಟಲಿ, ನುಂಗುವ ಮಾತ್ರೆ ಎಲ್ಲದರ ಹಿಂಬದಿಯ ಫೋಟೊ ಮೊಬೈಲಿನಲ್ಲಿ ಇರಲಿ. ಮನೆಯಲ್ಲಿ ಅಡುಗೆ ಮಾಡುವವರ ನಂಬರನ್ನೂ ಅವರಿಗೆ ಕೊಡಿ.

ಅಪ್ಪನಿಗೆ ಈಗ ವಾರಕ್ಕೆರಡು ದಿನ ಡಯಾಲಿಸಿಸ್. ಶುರುವಾದಾಗ ಅದೇ ಡಯಟಿಷಿಯನ್ನರಿಗೆ ಮತ್ತೆ ತೋರಿಸಿದೆವು. ಈ ಸಲ ಲೆಕ್ಕ ತಿರುಗಾಮುರುಗಾ ಆಗಿತ್ತು. ಡಯಾಲಿಸಿಸ್‌ಗೆ ಮೊದಲು ಪ್ರೋಟೀನ್ ಹಿಡಿತದಲ್ಲಿರಬೇಕು, ಶುರುವಾದ ಮೇಲೆ ಜಾಸ್ತಿ ಬೇಕು, ದಿನಕ್ಕೆ ಕೆಜಿ ತೂಕಕ್ಕೆ ಒಂದು ಗ್ರಾಮಿನಿಂದ ಒಂದೂಕಾಲರ ಹತ್ತಿರ. ಹಳೇ ಹಾಳೆ ಹಿಡಿದುಕೊಂಡೇ ಕೂತವರು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಸೊರಗಿ ಹೋಗ್ತಾರೆ. ಅಪ್ಪನಿಗೆ ಮಾತ್ರ ಅನುಮಾನ. ‘ಹೋದ್ಸಲ ಇಷ್ಟೇ ತುಂಡು ಅಂದಿದ್ರಲ್ಲ? ಈಗ ಪೂರ್ತಿ ಬಂಗಡೆ ತಿನ್ನು ಅಂತೀರಿ. ಸರಿಯಾಗಿ ನೋಡಿ ಹೇಳಿ ಮಗಾ’ ಅಂತ ಮೂರು ಸಲ ಕೇಳಿದರು.

ನಿನ್ನೆ ಮಧ್ಯಾಹ್ನ ವಾರ್ಡಿನಲ್ಲಿದ್ದಾಗ ಅವರಿಂದ ಫೋಟೊ ಬಂತು. ತಟ್ಟೆಯಲ್ಲಿ ಬಸಿದ ಗಂಜಿ, ಬೇಯಿಸಿದ ನೀರು ಚೆಲ್ಲಿ ಮಾಡಿದ ಮೊಗೆಕಾಯಿ ಪಲ್ಯ, ಎರಡು ಬಂಗಡೆ. ಕೆಳಗೆ ವಾಯ್ಸ್ ಮೆಸೇಜು: ‘ಎರಡನೇದು ನಿನ್ನಮ್ಮಂದು. ನೀ ಸುಮ್ನೆ ಹೆದರಬೇಡ.’